ಹಳೆಯ ತಂಡ, ಹೊಸ ಕರಾರು

ವಿದೇಶದ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗೆ ಎರಡನೇ ಸಲ ಹೊರಟವರಿಗೊಂದು ಕೈಪಿಡಿ

ವಿದೇಶದ ಕ್ಲಬ್‌ನಲ್ಲಿ ಒಂದು ಸೀಸನ್ ಆಡಿ ಊರಿಗೆ ಬಂದವರ ಫೋನಿಗೆ ಕೆಲವು ತಿಂಗಳ ನಂತರ ಒಂದು ಸಂದೇಶ ಬರುತ್ತದೆ. ಕಳಿಸಿದವರು ಟೀಮ್ ಮ್ಯಾನೇಜರ್ ಇರಬಹುದು, ಪಕ್ಕದ ಲಾಕರ್‌ನ ಗೆಳೆಯನೇ ಇರಬಹುದು. ವಿಷಯ ಒಂದೇ: ‘ಈ ವರ್ಷವೂ ಬರ್ತೀಯಾ?’ ಓದಿದ ಕೂಡಲೇ ಅಂಗಳದ ಗದ್ದಲ, ಬಸ್ಸಿನ ಹಿಂದಿನ ಸೀಟಿನ ಹರಟೆ, ಸೋತ ರಾತ್ರಿ ಹೆಗಲ ಮೇಲೆ ಬಿದ್ದ ಕೈ ಎಲ್ಲವೂ ನೆನಪಾಗುತ್ತವೆ. ಬೆರಳು ತಾನಾಗಿಯೇ ‘ಬರ್ತೀನಿ’ ಎಂದು ಒತ್ತಿಬಿಡುತ್ತದೆ.

ಅಲ್ಲೇ ಒಂದು ನಿಮಿಷ ತಡೆಯಿರಿ. ಮೊದಲ ಸಲ ಹೊರಡುವಾಗ ಭಯವೇ ನಮ್ಮ ಕಾವಲುಗಾರ. ಕರಾರಿನ ಒಂದೊಂದು ಸಾಲನ್ನೂ ಓದುತ್ತೇವೆ, ಮನೆಯವರಿಗೆ ತೋರಿಸುತ್ತೇವೆ, ಪರಿಚಯದ ವಕೀಲರನ್ನು ಕೇಳುತ್ತೇವೆ. ಎರಡನೇ ಸಲ ಆ ಭಯದ ಜಾಗದಲ್ಲಿ ಸಲುಗೆ ಬಂದು ಕೂತಿರುತ್ತದೆ. ‘ಗೊತ್ತಿರುವ ಕ್ಲಬ್ಬೇ ಅಲ್ವಾ’ ಎಂಬ ಮಾತಿನಲ್ಲೇ ಸಂಬಳ ಬಾಕಿ ಉಳಿಯುವುದು, ವೀಸಾ ತಡವಾಗುವುದು, ಗಾಯ ಉಲ್ಬಣಿಸುವುದು ಎಲ್ಲಕ್ಕೂ ಬೀಜ ಇದೆ. ಕಾಗದದ ವಿಷಯದಲ್ಲಿ ಅಪರಿಚಿತರಂತೆ ನಡೆದುಕೊಂಡರೆ ಅಂಗಳದಲ್ಲಿ ನೆಮ್ಮದಿಯಿಂದ ಗೆಳೆಯರಾಗಿರಬಹುದು. ಈ ಲೇಖನದ ಸಾರ ಇಷ್ಟೇ, ಉಳಿದದ್ದು ವಿವರ.

ಯಾರು ಇದ್ದಾರೆ, ಯಾರು ಇಲ್ಲ?

ನಾವು ಮರಳುವುದು ಕ್ಲಬ್‌ನ ಹೆಸರಿಗಲ್ಲ, ಅಲ್ಲಿನ ಜನರ ಬಳಿಗೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಸಂಬಳದ್ದಲ್ಲ. ಕೋಚ್ ಅವರೇ ಇದ್ದಾರೆಯೇ? ಮಾಲೀಕರು ಬದಲಾಗಿದ್ದಾರೆಯೇ? ಕಳೆದ ವರ್ಷದ ಹನ್ನೆರಡು ಜನರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ನಿಮ್ಮ ಸ್ಥಾನಕ್ಕೆ ಬೇರೆ ಯಾರನ್ನಾದರೂ ಕರೆಸಿಕೊಂಡಿದ್ದಾರೆಯೇ?

ಸ್ಪೇನ್‌ನ ಪಾಯಿಂಟ್ ಗಾರ್ಡ್ ಸೆರ್ಜಿಯೊ ರೊಡ್ರಿಗೆಸ್ ಅವರ ಉದಾಹರಣೆ ನೋಡಿ. 2016ರಲ್ಲಿ ರಿಯಲ್ ಮ್ಯಾಡ್ರಿಡ್ ಬಿಟ್ಟು ಫಿಲಡೆಲ್ಫಿಯ, ಮಾಸ್ಕೋ, ಮಿಲಾನ್‌ಗಳಲ್ಲಿ ಆರು ವರ್ಷ ಆಡಿದ ಅವರು 2022ರಲ್ಲಿ ಹಳೆಯ ಕ್ಲಬ್‌ಗೆ ಮರಳಿದರು. ಹಳೆಯ ಜೊತೆಗಾರರಾದ ಸೆರ್ಜಿಯೊ ಯುಲ್, ರೂಡಿ ಫರ್ನಾಂಡಿಸ್ ಇನ್ನೂ ಅಲ್ಲಿದ್ದರು. ಹಳೆಯ ಕೋಚ್ ಪಾಬ್ಲೊ ಲಾಸೊ ಇರಲಿಲ್ಲ. ಅವರ ಜಾಗಕ್ಕೆ ಚುಸ್ ಮಟೆಯೊ ಬಂದಿದ್ದರು. ಒಂದು ಕಾಲಕ್ಕೆ ಯೂರೋಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿದ್ದ ರೊಡ್ರಿಗೆಸ್ ಈಗ 36ರ ವಯಸ್ಸಿನಲ್ಲಿ ಹೆಚ್ಚಾಗಿ ಬೆಂಚಿನಿಂದ ಎದ್ದು ಬಂದು ಆಡಬೇಕಿತ್ತು. ಅದನ್ನು ಅವರು ಒಪ್ಪಿಕೊಂಡರು. 2023ರ ಮೇ ತಿಂಗಳಲ್ಲಿ ಲಿಥುವೇನಿಯಾದ ಕೌನಸ್‌ನಲ್ಲಿ ನಡೆದ ಯೂರೋಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಒಲಿಂಪಿಯಾಕೋಸ್ ತಂಡವನ್ನು 79–78ರಿಂದ ಸೋಲಿಸಿತು. ಕೊನೆಯ ಕ್ಷಣಗಳಲ್ಲಿ ಗೆಲುವಿನ ಬುಟ್ಟಿ ಹಾಕಿದ್ದು ಅದೇ ಹಳೆಯ ಗೆಳೆಯ ಯುಲ್.

ಮರಳಿದವರಿಗೆ ಹಳೆಯ ಗೆಳೆಯರು ಸಿಗಬಹುದು, ಹಳೆಯ ಪಾತ್ರ ಸಿಗದಿರಬಹುದು. ಹೊರಡುವ ಮುನ್ನವೇ ಕೋಚ್ ಜೊತೆ ವಿಡಿಯೊ ಕರೆಯಲ್ಲಿ ಇದನ್ನು ನೇರವಾಗಿ ಮಾತಾಡಿ: ಪಂದ್ಯಕ್ಕೆ ಸುಮಾರು ಎಷ್ಟು ನಿಮಿಷ, ಯಾವ ಸ್ಥಾನ, ಆರಂಭದ ಐವರಲ್ಲಿ ಇರುತ್ತೇನೋ ಬೆಂಚಿನಿಂದಲೋ. ಉತ್ತರ ಕಹಿಯಾಗಿದ್ದರೆ ಅದು ಮನೆಯಲ್ಲಿದ್ದಾಗಲೇ ತಿಳಿಯುವುದು ಒಳ್ಳೆಯದು.

ಕೆಲವೊಮ್ಮೆ ಜೊತೆಗಾರರೆಲ್ಲ ಇನ್ನೊಂದು ಊರಿನಲ್ಲಿ ಕೂಡಿಕೊಳ್ಳುವುದೂ ಉಂಟು. ಅಮೆರಿಕದ ಬ್ರಿಯಾನಾ ಸ್ಟೂವರ್ಟ್ ಮತ್ತು ಬೆಲ್ಜಿಯಂನ ಎಮ್ಮಾ ಮೀಸ್ಮನ್ ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್‌ನಲ್ಲಿ ಒಟ್ಟಿಗೆ ಆಡುತ್ತಿದ್ದರು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ರಷ್ಯಾದ ತಂಡಗಳನ್ನು ಹೊರಗಿಟ್ಟಿತು. ಮುಂದಿನ ಸೀಸನ್‌ನಲ್ಲಿ ಇಬ್ಬರೂ ಇಸ್ತಾಂಬುಲ್‌ನ ಫೆನರ್‌ಬಾಚೆಯಲ್ಲಿ ಮತ್ತೆ ಜೊತೆಯಾದರು. 2023ರ ಏಪ್ರಿಲ್‌ನಲ್ಲಿ ಪ್ರಾಗ್‌ನಲ್ಲಿ ಆ ಕ್ಲಬ್‌ನ ಮಹಿಳೆಯರು ಮೊದಲ ಯೂರೋಲೀಗ್ ಕಿರೀಟ ಗೆದ್ದರು. ಜೊತೆ ಆಡಿದವರ ಫೋನ್ ನಂಬರನ್ನು ಏಜೆಂಟರ ನಂಬರಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಕರಾರು: ಕಳೆದ ವರ್ಷದ್ದನ್ನು ಮರೆತುಬಿಡಿ

‘ಹೋದ ವರ್ಷದ ಹಾಗೇ’ ಎಂದು ಯಾರಾದರೂ ಹೇಳಿದರೆ ನಗುತ್ತಲೇ ಹೊಸ ಪತ್ರ ಕೇಳಿ. ಬಾಯಿಮಾತಿಗೆ ವಿಮಾನ ಹತ್ತಬೇಡಿ. ಸಂಬಳ ಬರದೆ ಸೀಸನ್ ಮುಗಿದ ಮೇಲೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆಯೊಂದೇ ಉಳಿಯುತ್ತದೆ. ಇಲ್ಲಿ ಕೊಟ್ಟಿದ್ದು ದುಡ್ಡಲ್ಲ, ಮೊಣಕಾಲು.

ಕರಾರಿನಲ್ಲಿ ಇವು ಸ್ಪಷ್ಟವಾಗಿರಲಿ:

• ಸಂಬಳ ಯಾವ ನಾಣ್ಯದಲ್ಲಿ, ತಿಂಗಳ ಎಷ್ಟನೇ ತಾರೀಖಿಗೆ, ಎಷ್ಟು ಕಂತುಗಳಲ್ಲಿ. ತೆರಿಗೆ ಕಳೆದ ಮೇಲಿನ ಮೊತ್ತವೋ, ಮುನ್ನಿನ ಮೊತ್ತವೋ.

• ಸಂಬಳ ಇಷ್ಟು ದಿನ ತಡವಾದರೆ ಅಭ್ಯಾಸ ನಿಲ್ಲಿಸುವ, ಇನ್ನಷ್ಟು ತಡವಾದರೆ ಕರಾರು ಮುರಿದು ಬಾಕಿ ಪಡೆಯುವ ಹಕ್ಕು.

• ಗಾಯವಾದರೂ, ಆಟ ಕಳೆಗುಂದಿದರೂ ಸಂಬಳ ಖಾತರಿಯೇ ಎಂಬುದು. ಬಂದ ಕೂಡಲೇ ನಡೆಯುವ ವೈದ್ಯಕೀಯ ಪರೀಕ್ಷೆಗೆ ಎಷ್ಟು ದಿನದ ಗಡುವು ಎಂಬುದು.

• ಮನೆ, ವಾಹನ, ಹೋಗಿಬರುವ ವಿಮಾನ ಟಿಕೆಟ್, ವಿಮೆ. ಶಸ್ತ್ರಚಿಕಿತ್ಸೆ ಬೇಕಾದರೆ ಯಾರ ಖರ್ಚು, ಸೀಸನ್ ಮುಗಿದ ಮೇಲೂ ಚಿಕಿತ್ಸೆ ಸಿಗುತ್ತದೆಯೇ ಎಂಬುದು.

• ಕಳೆದ ಸೀಸನ್‌ನ ಬಾಕಿ ಏನಾದರೂ ಇದ್ದರೆ ಅದರ ಮೊತ್ತ ಮತ್ತು ತಾರೀಖು. ಹೊಸ ಕರಾರಿನಲ್ಲಿ ‘ಹಳೆಯ ಲೆಕ್ಕವೆಲ್ಲ ಚುಕ್ತಾ’ ಎಂಬ ಸಾಲು ಎಲ್ಲಾದರೂ ಅಡಗಿದೆಯೇ ನೋಡಿ. ಮರಳುವವರಿಗೆ ಹೆಚ್ಚು ನಷ್ಟ ತರುವ ಸಾಲು ಇದೇ.

• ವ್ಯಾಜ್ಯ ಬಂದರೆ ಎಲ್ಲಿ ತೀರ್ಮಾನ ಎಂಬುದು.

ಕೊನೆಯದಕ್ಕೆ ಸ್ವಲ್ಪ ವಿವರ ಬೇಕು. ಆಟಗಾರ, ಕ್ಲಬ್, ಏಜೆಂಟರ ನಡುವಿನ ಹಣದ ತಕರಾರುಗಳಿಗೆಂದೇ 2007ರಲ್ಲಿ ಸ್ಥಾಪನೆಯಾದ ಒಂದು ಪಂಚಾಯ್ತಿ ಕಟ್ಟೆ ಇದೆ. ಅದರ ಹೆಸರು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್, ಚಿಕ್ಕದಾಗಿ ಬ್ಯಾಟ್. ಸ್ವಿಟ್ಜರ್ಲೆಂಡ್‌ನ ಜಿನೀವಾ ಅದರ ನೆಲೆ. ಒಬ್ಬರೇ ಮಧ್ಯಸ್ಥರು, ಇಂಗ್ಲಿಷಿನಲ್ಲಿ, ಹೆಚ್ಚಾಗಿ ಕಾಗದಪತ್ರಗಳನ್ನೇ ನೋಡಿ, ನ್ಯಾಯ ಯಾವುದೆಂದು ತೋರುತ್ತದೋ ಅದರಂತೆ ತೀರ್ಪು ಕೊಡುತ್ತಾರೆ. ತೀರ್ಪಿಗೆ ತಲೆಬಾಗದ ಕ್ಲಬ್‌ಗೆ ದಂಡ ಹಾಕುವ, ಹೊಸ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳದಂತೆ ತಡೆಯುವ ಅಧಿಕಾರ ಫಿಬಾಗೆ ಇದೆ. ಆದರೆ ಕರಾರಿನಲ್ಲಿ ಬ್ಯಾಟ್‌ನ ಹೆಸರಿದ್ದರೆ ಮಾತ್ರ ಈ ಬಾಗಿಲು ತೆರೆಯುತ್ತದೆ. ಆ ಒಂದು ಪ್ಯಾರಾ ಇಲ್ಲದಿದ್ದರೆ ಪರದೇಶದ ಸ್ಥಳೀಯ ಕೋರ್ಟುಗಳಿಗೆ ಅಲೆಯಬೇಕು.

ಏಜೆಂಟರು ಫಿಬಾ ಪರವಾನಗಿ ಪಡೆದವರೇ ಎಂಬುದನ್ನು ಫಿಬಾ ಜಾಲತಾಣದ ಪಟ್ಟಿಯಲ್ಲಿ ನೋಡಬಹುದು. ಸಾಮಾನ್ಯವಾಗಿ ಸಂಬಳದ ಶೇ. 10ರ ಒಳಗಿನ ಮೊತ್ತವನ್ನು ಕ್ಲಬ್ಬೇ ಏಜೆಂಟರಿಗೆ ಕೊಡುವ ರೂಢಿ ಇದೆ. ‘ಮೊದಲು ಇಷ್ಟು ಲಕ್ಷ ಕಟ್ಟಿ, ಆಮೇಲೆ ತಂಡ ಕೊಡಿಸುತ್ತೇನೆ’ ಎನ್ನುವವರ ಹತ್ತಿರ ಸುಳಿಯಬೇಡಿ.

ಮೂರು ಪತ್ರಗಳು

ಮೊದಲನೆಯದು ‘ಲೆಟರ್ ಆಫ್ ಕ್ಲಿಯರೆನ್ಸ್’. ಒಂದು ದೇಶದಲ್ಲಿ ನೋಂದಣಿಯಾಗಿದ್ದ ಆಟಗಾರ ಇನ್ನೊಂದು ದೇಶದ ಲೀಗ್‌ನಲ್ಲಿ ಆಡಬೇಕಾದರೆ ಹಿಂದಿನ ದೇಶದ ಫೆಡರೇಷನ್ ಈ ಪತ್ರ ಕೊಡಬೇಕು. ಎರಡನೇ ಸಲ ಹೋಗುವವರು ಎಡವುವುದೇ ಇಲ್ಲಿ. ‘ಹೋದ ವರ್ಷ ತೆಗೆದುಕೊಂಡಿದ್ದೆನಲ್ಲ’ ಎಂದುಕೊಳ್ಳುತ್ತಾರೆ. ಊರಿಗೆ ಬಂದು ರಾಜ್ಯದ ಪರವಾಗಿಯೋ ಇಲಾಖೆಯ ತಂಡಕ್ಕೋ ನೋಂದಣಿ ಮಾಡಿಸಿ ಆಡಿದ್ದರೆ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್‌ನಿಂದ ಮತ್ತೆ ಪಡೆಯಬೇಕು. ನಡುವೆ ಮೂರನೆಯ ದೇಶದಲ್ಲಿ ಆಡಿದ್ದರೆ ಪತ್ರ ಆ ದೇಶದಿಂದ ಬರಬೇಕು. ಬೇರೆ ಕ್ಲಬ್‌ನ ಕರಾರು ಇನ್ನೂ ಜಾರಿಯಲ್ಲಿದ್ದರೆ ಪತ್ರ ನಿರಾಕರಿಸಬಹುದು. ಆದ್ದರಿಂದ ಇಲ್ಲಿ ಸಹಿ ಹಾಕಿದ ಸಣ್ಣಪುಟ್ಟ ಲೀಗ್‌ಗಳ ಕರಾರು ಎಂದು ಮುಗಿಯುತ್ತದೆ ಎಂಬುದು ಕಾಗದದಲ್ಲಿರಲಿ. 18 ತುಂಬದವರಿಗೆ ವಿಶೇಷ ಸಂದರ್ಭಗಳ ಹೊರತು ಅಂತರರಾಷ್ಟ್ರೀಯ ವರ್ಗಾವಣೆಯೇ ಇಲ್ಲ.

ಎರಡನೆಯದು ವೀಸಾ. ಪ್ರವಾಸಿ ವೀಸಾದಲ್ಲಿ ಹೋಗಿ ಸಂಬಳಕ್ಕೆ ಆಡುವುದು ಕಾನೂನುಬಾಹಿರ ಕೆಲಸ. ಸಿಕ್ಕಿಬಿದ್ದರೆ ಮುಂದಿನ ಎಲ್ಲ ವೀಸಾಗಳಿಗೂ ಕಲ್ಲು. ಯೂರೋಪಿನ ಷೆಂಗೆನ್ ದೇಶಗಳಲ್ಲಿ ಅಲ್ಪಾವಧಿ ವೀಸಾ ಎಂದರೆ 180 ದಿನಗಳಲ್ಲಿ 90 ದಿನ ಮಾತ್ರ, ಸೀಸನ್ ಅದಕ್ಕಿಂತ ಎಷ್ಟೋ ಉದ್ದ. ಹಳೆಯ ಕೆಲಸದ ಪರವಾನಗಿಯ ಅವಧಿ ಮುಗಿದಿದೆಯೇ ನೋಡಿ. ಪೊಲೀಸ್ ಕ್ಲಿಯರೆನ್ಸ್ ಪತ್ರ ಕೇಳುವ ದೇಶಗಳಿವೆ. ಅದನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದಾಗಿ ಮಾಡಿಸಬೇಕಾಗಬಹುದು.

ವಿದೇಶಿ ಆಟಗಾರರ ಮಿತಿಯನ್ನೂ ಇದರ ಜೊತೆಗೇ ಕೇಳಿ. ಬಹುತೇಕ ಲೀಗ್‌ಗಳಲ್ಲಿ ತಂಡಕ್ಕೆ ಇಷ್ಟೇ ಮಂದಿ ‘ಇಂಪೋರ್ಟ್’ ಎಂಬ ಲೆಕ್ಕವಿರುತ್ತದೆ. ಜಪಾನ್‌ನ ಬಿ ಲೀಗ್‌ನಂಥ ಕಡೆ ಕೆಲವು ಏಷ್ಯಾ ದೇಶಗಳವರಿಗೆ ಬೇರೆ ಕೋಟಾ ಇದೆ. ಈ ನಿಯಮ, ಪಟ್ಟಿ ಆಗಾಗ ಬದಲಾಗುತ್ತವೆ. ಕಳೆದ ವರ್ಷ ನೀವು ಯಾವ ಲೆಕ್ಕದಲ್ಲಿ ಆಡಿದ್ದಿರೋ ಆ ಜಾಗ ಈ ವರ್ಷವೂ ಇದೆಯೇ ಎಂದು ಕ್ಲಬ್‌ನಿಂದ ಬರವಣಿಗೆಯಲ್ಲಿ ಪಡೆಯಿರಿ.

ಮೂರನೆಯದು ನಮ್ಮ ಮನೆಯದೇ ಕಾಗದ, ಎನ್‌ಒಸಿ. ನಮ್ಮಲ್ಲಿ ಒಳ್ಳೆಯ ಆಟಗಾರರಲ್ಲಿ ಬಹುಪಾಲು ರೈಲ್ವೆ, ಬ್ಯಾಂಕ್, ಒಎನ್‌ಜಿಸಿ, ಪೊಲೀಸ್, ಆದಾಯ ತೆರಿಗೆಯಂಥ ಇಲಾಖೆಗಳ ನೌಕರರು. ಮೊದಲ ಸಲ ಸಾಹೇಬರು ಹೆಮ್ಮೆಯಿಂದ ರಜೆ ಕೊಟ್ಟಿರುತ್ತಾರೆ. ಎರಡನೇ ಸಲ ‘ಮತ್ತೆ ರಜೆಯಾ?’ ಎಂಬ ಹುಬ್ಬು ಏಳುತ್ತದೆ. ರಜೆ ಸಂಬಳಸಹಿತವೋ ರಹಿತವೋ, ಬಡ್ತಿಯ ಸೇವಾವಧಿಗೆ ಸೇರುತ್ತದೆಯೋ ಇಲ್ಲವೋ ಎಂಬುದು ಆದೇಶದಲ್ಲೇ ಇರಲಿ.

ಎರಡು ಕ್ಯಾಲೆಂಡರ್

ಯೂರೋಪ್, ಜಪಾನ್‌ಗಳ ಲೀಗ್‌ಗಳು ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ಶುರುವಾಗಿ ಮುಂದಿನ ಬೇಸಿಗೆಯವರೆಗೆ ನಡೆಯುತ್ತವೆ. ಆಸ್ಟ್ರೇಲಿಯಾದ ಎನ್‌ಬಿಎಲ್ ಅವರ ಬೇಸಿಗೆಯದು, ಎನ್‌ಬಿಎಲ್1 ಚಳಿಗಾಲದ್ದು. ಇವುಗಳ ನಡುವೆ ರಾಷ್ಟ್ರೀಯ ತಂಡದ ಶಿಬಿರ, ಫಿಬಾ ಅರ್ಹತಾ ಪಂದ್ಯಗಳು ಬರುತ್ತವೆ. ದೇಶದ ಪರ ಆಡಲು ಕ್ಲಬ್ ಬಿಟ್ಟುಕೊಡಬೇಕು, ಆ ದಿನಗಳ ಸಂಬಳ ಕಡಿತವಾಗಬಾರದು ಎಂಬ ಸಾಲು ಕರಾರಿನಲ್ಲಿರಲಿ.

ಎರಡು ಕ್ಯಾಲೆಂಡರ್‌ಗಳ ನಡುವೆ ಸಿಕ್ಕವರ ಪಾಡು ತಿಳಿಯಲು ಅಮೆರಿಕದ ಮಹಿಳಾ ಆಟಗಾರ್ತಿಯರನ್ನು ನೋಡಬೇಕು. ಬೇಸಿಗೆಯಲ್ಲಿ ಡಬ್ಲ್ಯುಎನ್‌ಬಿಎ, ಚಳಿಗಾಲದಲ್ಲಿ ಯೂರೋಪ್, ವರ್ಷವಿಡೀ ವಿಶ್ರಾಂತಿಯಿಲ್ಲ. 2015ರಲ್ಲಿ ಡಯಾನಾ ಟೌರಾಸಿ ಡಬ್ಲ್ಯುಎನ್‌ಬಿಎ ಸೀಸನ್ನನ್ನೇ ಬಿಟ್ಟು ವಿಶ್ರಾಂತಿ ಪಡೆದರು. ಹಾಗೆ ಸುಮ್ಮನಿರಲು ದುಡ್ಡು ಕೊಟ್ಟದ್ದು ಅವರ ರಷ್ಯಾದ ಕ್ಲಬ್. 2023ರಿಂದ ಡಬ್ಲ್ಯುಎನ್‌ಬಿಎ ತನ್ನ ಅನುಭವಿ ಆಟಗಾರ್ತಿಯರು ಸಕಾಲಕ್ಕೆ ಮರಳದಿದ್ದರೆ ದಂಡ ಹಾಕುವ ನಿಯಮ ತಂದಿತು. ಎರಡು ದೋಣಿಯಲ್ಲಿ ಕಾಲಿಡುವುದು ತಪ್ಪಲ್ಲ, ಆದರೆ ಎರಡೂ ದೋಣಿಗಳ ವೇಳಾಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿ.

ಮೈ ಹದ, ಮದ್ದಿನ ಲೆಕ್ಕ

ಮರಳುವ ಆಟಗಾರನನ್ನು ಕ್ಲಬ್ ಕಳೆದ ವರ್ಷದ ವಿಡಿಯೊ ನೋಡಿ ಕರೆಸಿಕೊಂಡಿರುತ್ತದೆ. ಮೈ ಆ ವಿಡಿಯೊದಂತೆಯೇ ಇದೆ ಎಂದು ಅವರು ನಂಬಿರುತ್ತಾರೆ. ಪ್ರೀ ಸೀಸನ್‌ನಲ್ಲಿ ದಿನಕ್ಕೆ ಎರಡು ಹೊತ್ತು ಅಭ್ಯಾಸ ಸಾಮಾನ್ಯ. ಊರಿನಲ್ಲಿ ಸಂಜೆ ಎರಡು ಗಂಟೆ ಆಡಿಕೊಂಡಿದ್ದವರು ಒಮ್ಮೆಲೇ ಅದಕ್ಕೆ ಇಳಿದರೆ ಮೊದಲು ಕೂಗುವುದು ಮೀನಖಂಡ, ಆಮೇಲೆ ಮೊಣಕಾಲು. ಹೊರಡುವ ಎಂಟು ವಾರ ಮುಂಚಿನಿಂದ ಓಟ, ಜಿಗಿತ, ತೂಕ ಎತ್ತುವುದನ್ನು ವಾರವಾರ ಮೆಲ್ಲಗೆ ಏರಿಸಿ. ಕಳೆದ ಸೀಸನ್‌ನ ಗಾಯವಿದ್ದರೆ ಸ್ಕ್ಯಾನ್, ವೈದ್ಯರ ಚೀಟಿ ಎಲ್ಲವನ್ನೂ ಫೋನಿನಲ್ಲೂ ಕಾಗದದಲ್ಲೂ ಒಯ್ಯಿರಿ. ಗಾಯವನ್ನು ಮುಚ್ಚಿಟ್ಟರೆ ವೈದ್ಯಕೀಯ ಪರೀಕ್ಷೆಯಲ್ಲಿ ಕರಾರೇ ರದ್ದಾಗಬಹುದು.

ಮದ್ದಿನ ವಿಷಯ ಇನ್ನೂ ಸೂಕ್ಷ್ಮ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿ ಪ್ರತಿ ಜನವರಿ 1ರಿಂದ ಹೊಸದಾಗಿ ಜಾರಿಗೆ ಬರುತ್ತದೆ. ಸೀಸನ್‌ನ ನಡುವೆಯೇ ಬದಲಾಗುತ್ತದೆ ಎಂದರ್ಥ. ದೇಹದಲ್ಲಿ ಸಿಕ್ಕ ವಸ್ತುವಿಗೆ ಆಟಗಾರರೇ ಹೊಣೆ, ‘ಗೊತ್ತಿರಲಿಲ್ಲ’ ಎಂದರೆ ನಡೆಯುವುದಿಲ್ಲ. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್ ಅವರ ಮಾದರಿಯಲ್ಲಿ 2019ರಲ್ಲಿ ಹೈಜೆನಮೈನ್ ಎಂಬ ವಸ್ತು ಪತ್ತೆಯಾಗಿ ಎರಡು ವರ್ಷದ ನಿಷೇಧ ಬಿತ್ತು. ಆದ್ದರಿಂದ ಜಿಮ್‌ನ ಪ್ರೋಟೀನ್ ಡಬ್ಬಿ, ಊರಿನ ಲೇಹ್ಯ, ಶೀತದ ಮಾತ್ರೆ ಯಾವುದೇ ಇರಲಿ, ನಮ್ಮ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಹುಡುಕಿ, ತಂಡದ ವೈದ್ಯರನ್ನೂ ಕೇಳಿ. ಅನಿವಾರ್ಯ ಔಷಧಿಗೆ ಮುಂಚಿತ ವಿನಾಯಿತಿ ಪತ್ರ ಪಡೆಯಿರಿ. ತಿಂದ ಮಾತ್ರೆಗಳ ದಿನಚರಿ ಇಡಿ. ಪ್ರಯೋಗಾಲಯವೂ ತಪ್ಪಬಹುದು: 2010ರ ಕೊನೆಯಲ್ಲಿ ಟರ್ಕಿಯಲ್ಲಿ ಆಡುತ್ತಿದ್ದ ಟೌರಾಸಿ ಅವರ ಪರೀಕ್ಷೆ ಪಾಸಿಟಿವ್ ಎಂದು ಬಂದು, ಕೆಲವೇ ವಾರಗಳಲ್ಲಿ ಪ್ರಯೋಗಾಲಯವೇ ಆ ವರದಿಯನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಅವರ ಆ ಸೀಸನ್ ಕೈತಪ್ಪಿಹೋಗಿತ್ತು.

ಪೆಟ್ಟಿಗೆಯನ್ನು ನೀವೇ ಕಟ್ಟಿ

2022ರ ಫೆಬ್ರವರಿ 17ರಂದು ಮಾಸ್ಕೋದ ಶೆರೆಮೆಟಿಯೆವೊ ನಿಲ್ದಾಣದಲ್ಲಿ ಇಳಿದ ಅಮೆರಿಕದ ಆಟಗಾರ್ತಿ ಬ್ರಿಟ್ನಿ ಗ್ರೈನರ್ ಹೊಸ ಊರಿಗೆ ಬಂದವರಲ್ಲ. ಹಲವು ಚಳಿಗಾಲ ಆಡಿದ ಯೆಕಟೆರಿನ್‌ಬರ್ಗ್ ಕ್ಲಬ್‌ಗೇ, ಅದೇ ಜೊತೆಗಾರರ ಬಳಿಗೇ ಮರಳುತ್ತಿದ್ದರು. ಲಗೇಜಿನಲ್ಲಿ ಗಾಂಜಾ ಎಣ್ಣೆಯ ವೇಪ್ ಕಾರ್ಟ್ರಿಜ್‌ಗಳು ಸಿಕ್ಕವು. ಅವಸರದಲ್ಲಿ ಪ್ಯಾಕ್ ಮಾಡುವಾಗ ಉಳಿದುಬಿಟ್ಟವು ಎಂದು ಅವರು ಕೋರ್ಟಿನಲ್ಲಿ ಹೇಳಿದರು. ಆಗಸ್ಟ್‌ನಲ್ಲಿ ಒಂಬತ್ತು ವರ್ಷದ ಶಿಕ್ಷೆಯಾಯಿತು. ಡಿಸೆಂಬರ್ 8ರಂದು ಎರಡು ಸರ್ಕಾರಗಳ ನಡುವೆ ಕೈದಿಗಳ ವಿನಿಮಯ ನಡೆದ ಮೇಲೆಯೇ ಅವರು ಮನೆ ಸೇರಿದ್ದು.

ಈ ಪ್ರಕರಣದ ರಾಜಕೀಯ ಏನೇ ಇರಲಿ, ನಮಗೆ ಬೇಕಾದದ್ದು ಒಂದು ಅಭ್ಯಾಸ: ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ, ಜೇಬುಜೇಬೂ ತಡವಿ, ಹೊಸದಾಗಿ ಕಟ್ಟುವುದು. ಬೇರೆಯವರ ‘ಒಂದು ಚಿಕ್ಕ ಪೊಟ್ಟಣ’ವನ್ನು ಒಯ್ಯಬೇಡಿ. ಜೊತೆಗಾರರಿಗೆಂದು ಮೈಸೂರು ಪಾಕು, ಚಟ್ನಿಪುಡಿ ಕಟ್ಟಿಕೊಂಡರೆ ಸಂತೋಷ. ಆಸ್ಟ್ರೇಲಿಯಾದಂಥ ದೇಶದಲ್ಲಿ ಇಳಿಯುವಾಗ ಆಹಾರವಿದೆ ಎಂದು ಪ್ರಯಾಣಿಕರ ಕಾರ್ಡಿನಲ್ಲಿ ಬರೆಯಲೇಬೇಕು, ಬಚ್ಚಿಟ್ಟರೆ ದಂಡ. ವೈದ್ಯರ ಚೀಟಿಯಿಲ್ಲದ ಮಾತ್ರೆ ಬೇಡ.

ಮತ್ತೆ ಅದೇ ಲಾಕರ್ ಕೋಣೆ

ಹೋಗಿ ಇಳಿದ ಮೇಲೆ ಮೊದಲ ವಾರ ನಿರ್ಣಾಯಕ. ಗೆಳೆಯರು ಅಪ್ಪಿಕೊಳ್ಳುತ್ತಾರೆ, ಹಳೆಯ ತಮಾಷೆಗಳು ಮರಳುತ್ತವೆ. ಆದರೆ ನಿಮ್ಮ 7ನೇ ನಂಬರಿನ ಜೆರ್ಸಿ ಬೇರೊಬ್ಬರ ಬೆನ್ನ ಮೇಲಿರಬಹುದು. ಅದಕ್ಕೆ ಮುಖ ಗಂಟಿಕ್ಕಬೇಡಿ. ಫಿಬಾ ನಿಯಮದಲ್ಲಿ ಸೊನ್ನೆಯಿಂದ 99ರವರೆಗೆ ನಂಬರುಗಳಿವೆ. ಹೊಸಬರ ಮುಂದೆ ‘ಹೋದ ವರ್ಷ ನಾವು ಹೀಗೆ ಮಾಡ್ತಿದ್ವಿ’ ಎಂದು ದಿನಕ್ಕೆ ಹತ್ತು ಸಲ ಹೇಳುವವರು ಬೇಗ ಒಂಟಿಯಾಗುತ್ತಾರೆ. ಹಳಬರಾಗಿ ನೀವು ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಹೊಸ ಆಟಗಾರನಿಗೆ ದಿನಸಿ ಅಂಗಡಿ, ಬಸ್ಸಿನ ದಾರಿ, ಕೋಚ್‌ನ ಮುಂಗೋಪ ಇವನ್ನು ಮೊದಲೇ ತಿಳಿಸುವುದು.

ಆಟದ ಭಾಷೆಯನ್ನೂ ಹೊಸದಾಗಿ ಕಲಿಯಿರಿ. ಕೋಚ್ ಬದಲಾದರೆ ಅದೇ ಪಿಕ್ ಅಂಡ್ ರೋಲ್‌ಗೆ ಬೇರೆ ಹೆಸರು, ಬೇರೆ ಕೈಸನ್ನೆ. ಮೊದಲ ದಿನವೇ ಸೆಟ್‌ಗಳ ಪಟ್ಟಿ ಕೇಳಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಸ್ಥಳೀಯ ಭಾಷೆಯ ಇಪ್ಪತ್ತು ಮಾತು ಬಾಯಿಗೆ ಬಂದರೆ ಎರಡನೇ ವರ್ಷ ಅಂಗಳದಲ್ಲಿ ಕೂಗಿ ಹೇಳುವುದು ಸುಲಭ. ಬೆಂಗಳೂರಿನಿಂದ ಟೋಕಿಯೊಗೆ ಮೂರೂವರೆ ಗಂಟೆ, ಇಸ್ತಾಂಬುಲ್‌ಗೆ ಎರಡೂವರೆ ಗಂಟೆ ಕಾಲ ವ್ಯತ್ಯಾಸ. ನಿದ್ದೆ ಸರಿಹೋಗಲು ಮೂರು ನಾಲ್ಕು ದಿನ ಬೇಕು. ಕ್ಯಾಂಪ್ ಶುರುವಾಗುವ ಹಿಂದಿನ ರಾತ್ರಿ ಇಳಿಯಬೇಡಿ.

ನಮ್ಮವರೇ ಒಬ್ಬರು ಹತ್ತಿರವಿದ್ದರೆ ಪರದೇಶ ಅರ್ಧ ಸಲೀಸು. 2014ರಲ್ಲಿ ಚೀನಾದ ವುಹಾನ್‌ನಲ್ಲಿ ಆತಿಥೇಯರನ್ನೇ 65–58ರಿಂದ ಸೋಲಿಸಿದ ಭಾರತ ತಂಡದ ಅಮ್ಜ್ಯೋತ್ ಸಿಂಗ್, ಅಮೃತ್‌ಪಾಲ್ ಸಿಂಗ್ ಇಬ್ಬರೂ ಮುಂದೆ ಜಪಾನ್‌ನ ಟೋಕಿಯೊ ಎಕ್ಸಲೆನ್ಸ್ ಜೆರ್ಸಿ ತೊಟ್ಟರು. 2017ರಲ್ಲಿ ಅಮೃತ್‌ಪಾಲ್ ಸಿಡ್ನಿ ಕಿಂಗ್ಸ್‌ಗೆ, ಅಮ್ಜ್ಯೋತ್ ಅಮೆರಿಕದ ಜಿ ಲೀಗ್‌ನ ಓಕ್ಲಹೋಮ ಸಿಟಿ ಬ್ಲೂ ತಂಡಕ್ಕೆ ಹೋದರು. ಅವರಿಗಿಂತ ಮೊದಲೇ, 2006ರಿಂದ 2008ರ ಅವಧಿಯಲ್ಲಿ, ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಪರ ಆಡಿ ದಾರಿ ತೋರಿಸಿದ್ದರು. ಇಂಥವರ ಅನುಭವ ಕೇಳಿ ತಿಳಿಯುವುದು ಯಾವ ಏಜೆಂಟರ ಮಾತಿಗಿಂತಲೂ ಮೇಲು.

ದುಡ್ಡು ಮನೆಗೆ ಬರುವಾಗ

ಹಣಕಾಸು ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನೀವು ಇಲ್ಲಿನ ನಿವಾಸಿ. ವಿದೇಶದ ಸಂಬಳವನ್ನೂ ಇಲ್ಲಿ ತೋರಿಸಬೇಕು. ಭಾರತ ಹಲವು ದೇಶಗಳೊಂದಿಗೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಮಾಡಿಕೊಂಡಿದೆ. ಅದರ ಲಾಭ ಪಡೆಯಲು ಅಲ್ಲಿ ತೆರಿಗೆ ಕಟ್ಟಿದ್ದಕ್ಕೆ ಪುರಾವೆ ಬೇಕು. ‘ತೆರಿಗೆ ಕ್ಲಬ್‌ನದು’ ಎಂದು ಕರಾರಿನಲ್ಲಿದ್ದರೂ ಕಟ್ಟಿದ ಪ್ರಮಾಣಪತ್ರವನ್ನು ಸೀಸನ್ ಮುಗಿಯುವ ಮುನ್ನವೇ ಕೈಗೆ ತೆಗೆದುಕೊಳ್ಳಿ. ಊರಿಗೆ ಬಂದ ಮೇಲೆ ಇಮೇಲಿಗೆ ಉತ್ತರ ಸಿಗುವುದು ಕಷ್ಟ. ಒಬ್ಬ ಲೆಕ್ಕಪರಿಶೋಧಕರಿಗೆ ಕೊಡುವ ಶುಲ್ಕ ಉಳಿತಾಯವೇ ಹೊರತು ಖರ್ಚಲ್ಲ.

ಗೋಡೆಗೆ ಅಂಟಿಸಿಕೊಳ್ಳಲು

12 ವಾರ ಮುಂಚೆ: ಕೋಚ್ ಜೊತೆ ಮಾತು, ಹಳೆಯ ಬಾಕಿಯ ಪಟ್ಟಿ, ಹೊಸ ಕರಾರಿನ ಕರಡು, ಪಾಸ್‌ಪೋರ್ಟ್ ಅವಧಿ.

8 ವಾರ ಮುಂಚೆ: ಸಹಿಯಾದ ಕರಾರು, ಇಲಾಖೆಯ ಎನ್‌ಒಸಿ, ವೀಸಾ ಅರ್ಜಿ, ಮೈ ಹದಗೊಳಿಸುವ ಕ್ರಮ.

4 ವಾರ ಮುಂಚೆ: ಕ್ಲಿಯರೆನ್ಸ್ ಪತ್ರ ಎಲ್ಲಿಯವರೆಗೆ ಬಂತು ಎಂಬ ವಿಚಾರಣೆ, ವೈದ್ಯಕೀಯ ಕಡತ, ಔಷಧಿಗಳ ಪರಿಶೀಲನೆ.

1 ವಾರ ಮುಂಚೆ: ಎಲ್ಲ ಕಾಗದಗಳ ಒಂದು ಪ್ರತಿ ಮನೆಯವರ ಕೈಗೆ, ಖಾಲಿ ಮಾಡಿ ಕಟ್ಟಿದ ಪೆಟ್ಟಿಗೆ.

ಇಳಿದ ಮೊದಲ ವಾರ: ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿ, ಬ್ಯಾಂಕ್ ಖಾತೆ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರು.

ಈ ಪಟ್ಟಿಯ ಮೊದಲ ಸಾಲು ಮುಗಿಸಿದ ಮೇಲೆ ಆ ಹಳೆಯ ಸಂದೇಶಕ್ಕೆ ‘ಬರ್ತೀನಿ’ ಎಂದು ಉತ್ತರ ಕಳಿಸಿ. ಉತ್ತರ ಎರಡು ವಾರ ತಡವಾದರೆ ನಿಜವಾದ ಜೊತೆಗಾರರು ಕಾಯುತ್ತಾರೆ. ಕಾಯಲು ಒಪ್ಪದೆ ‘ಇವತ್ತೇ ಹೇಳು, ಕಾಗದ ಆಮೇಲೆ ನೋಡೋಣ’ ಎನ್ನುವ ಕ್ಲಬ್ ಆದರೆ ಅಲ್ಲಿಗೆ ಹೋಗಬೇಡಿ.